ಸಲಿಕೆ ಮುರಿದದ್ದು ಕತ್ತಿನಲ್ಲಿ

ಕೈ ಉಪಕರಣ ತಯಾರಿಸುವ ಕಾರ್ಖಾನೆಯಲ್ಲಿ ಟೆಸ್ಟಿಂಗ್ ನನ್ನ ಕೆಲಸ. ಮಣ್ಣು ಅಗೆಯುವ ಉಕ್ಕಿನ ಸಲಿಕೆ ಎಷ್ಟು ಬಾಳಿಕೆ ಬರುತ್ತದೆ ಅಂತ ನೋಡಬೇಕು. ಮೊದಮೊದಲು ನನ್ನ ಗಮನವೆಲ್ಲ ಅಲಗಿನ ಮೇಲೇ ಇತ್ತು. ರಾಕ್‌ವೆಲ್ ಮೆಷಿನ್ನಿನಲ್ಲಿ ಗಡಸುತನ ಅಳೆಯುತ್ತಿದ್ದೆ. ಆಮೇಲೆ ಅಲಗನ್ನು ಬಿಗಿಯಾಗಿ ಕಚ್ಚಿಸಿ, ಹಿಡಿಯ ತುದಿಗೆ ತೂಕ ನೇತುಹಾಕುತ್ತಿದ್ದೆ. ತೂಕ ಇಳಿಸಿದಾಗ ಹಿಡಿ ಮೊದಲಿನ ಜಾಗಕ್ಕೇ ಬಂದರೆ ಪಾಸ್.

ಹಾಗೆ ಪಾಸಾದವೇ ಮುರಿದು ವಾಪಸ್ ಬಂದವು. ಅಲಗಿಗೆ ಏನೂ ಆಗಿರಲಿಲ್ಲ. ಅಲಗಿಗೂ ಹಿಡಿ ಕೂರುವ ಕೊಳವೆಗೂ ವೆಲ್ಡ್ ಮಾಡಿರುತ್ತೇವಲ್ಲ, ಆ ಕತ್ತು ಮುರಿದಿತ್ತು.

ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿದೆ. ಒಂದು ಕಡೆ ನಯವಾಗಿ, ಕಂದು ಬಣ್ಣಕ್ಕೆ ತಿರುಗಿತ್ತು. ಕಪ್ಪೆಚಿಪ್ಪಿನ ಮೇಲಿರುವಂಥ ಸಣ್ಣ ಸಣ್ಣ ಬಾಗುಗೆರೆಗಳು. ಉಳಿದ ಭಾಗ ಒರಟು, ಹೊಸ ಉಕ್ಕಿನ ಹೊಳಪು. ಅಂದರೆ ಒಂದೇ ಏಟಿಗೆ ಮುರಿದಿಲ್ಲ. ಬಿರುಕಿಗೆ ತುಕ್ಕು ಹಿಡಿಯುವಷ್ಟು ದಿನವಾಗಿತ್ತು. ಭಾರ ಬಿದ್ದಾಗಲೆಲ್ಲ ಅದು ಚೂರು ಚೂರೇ ಮುಂದೆ ಸರಿದಿದೆ.

ಸಲಿಕೆಯಿಂದ ಜನ ಸುಮ್ನೆ ಮಣ್ಣು ಎತ್ತುವುದಿಲ್ಲ. ಕಲ್ಲು, ಬೇರು ಸಿಕ್ಕರೆ ಅದನ್ನೇ ಹಾರೆ ಮಾಡಿಕೊಂಡು ಮೀಟುತ್ತಾರೆ. 1.2 ಮೀಟರ್ ಉದ್ದದ ಹಿಡಿಯ ತುದಿಗೆ ಬರೀ 30 ಕಿಲೋ ಭಾರ ಬಿದ್ದರೂ ಕತ್ತನ್ನು ಬಗ್ಗಿಸುವ ಮೊಮೆಂಟ್ (ಬಲ ಗುಣಿಸು ದೂರ) ಸುಮಾರು 350 ನ್ಯೂಟನ್ ಮೀಟರ್. ಅದೂ ದಿನಕ್ಕೆ ಎಷ್ಟು ಸಲವೋ! ನಾನು ಮಾತ್ರ ಒಂದೇ ಸಲ ತೂಕ ಹಾಕಿ ಸಹಿ ಮಾಡುತ್ತಿದ್ದೆ. ಮೈಭಾರ ಬಿಟ್ಟು ಮೀಟುವಾಗ ಅದು ಮುರಿದರೆ ಬೀಳುವವರು ಯಾರು, ಅಲ್ವಾ? ಆ ಯೋಚನೆ ನನ್ನನ್ನು ಬಹಳ ದಿನ ಕಾಡಿತು.

ಈಗ ಕಡಿಮೆ ಭಾರವನ್ನೇ ಸಾವಿರಾರು ಸಲ ಹಾಕಿ, ತೆಗೆದು ಮಾಡುತ್ತೇವೆ. ನಡುನಡುವೆ ನಿಲ್ಲಿಸಿ ಕತ್ತನ್ನು ಒರೆಸಿ, ಕೆಂಪು ಡೈ ಹಚ್ಚಿ ಹತ್ತು ನಿಮಿಷ ಬಿಡುತ್ತೇವೆ. ಮೇಲಿನ ಡೈ ಪೂರ್ತಿ ಒರೆಸಿ ಡೆವಲಪರ್ ಅನ್ನುವ, ಬಣ್ಣ ಹೀರುವ ಬಿಳಿ ಪುಡಿ ಸ್ಪ್ರೇ ಮಾಡಿದರೆ, ಬಿರುಕಿನೊಳಗೆ ಉಳಿದ ಬಣ್ಣ ಹೊರಗೆ ಜಿನುಗುತ್ತದೆ. ಮೊದಲ ಸಲ ವೆಲ್ಡಿನ ಅಂಚಿನಲ್ಲೇ ದಾರದಷ್ಟು ತೆಳ್ಳಗೆ ಕೆಂಪು ಗೆರೆ ಮೂಡಿತು. ಬರಿಗಣ್ಣಿಗೆ ಅಲ್ಲಿ ಏನೂ ಕಂಡಿರಲಿಲ್ಲ.

ವೆಲ್ಡಿನ ಬಿಸಿಗೆ ಪಕ್ಕದ ಹದಗೊಳಿಸಿದ ಉಕ್ಕು ಮೆತ್ತಗಾಗುತ್ತದೆ. ಅಂಚಿನಲ್ಲಿ ಚಿಕ್ಕ ಕಚ್ಚು ಉಳಿದರೆ ಒತ್ತಡವೆಲ್ಲ ಅಲ್ಲೇ ಸೇರುತ್ತದೆ. ಅಂಚನ್ನು ಉಜ್ಜಿ ನಯ ಮಾಡಿದ ಸಲಿಕೆಗಳಲ್ಲಿ ಆ ಗೆರೆ ಬಹಳ ತಡವಾಗಿ ಬಂತು. ಈಗ ಹೊಸ ಸ್ಯಾಂಪಲ್ ಕೈಗೆ ಬಂದರೆ ಮೊದಲು ಕತ್ತಿನ ಮೇಲೆ ಬೆರಳಾಡಿಸುತ್ತೇನೆ. ಗಡಸುತನ ಆಮೇಲೆ.