ಶುಕ್ರವಾರ ರಾತ್ರಿಯ ಸಾಧಕರು

ಶನಿವಾರ ಪಾಠಕ್ಕೆ ಬರುವ ಮಕ್ಕಳು ಶುಕ್ರವಾರ ರಾತ್ರಿ ಅಭ್ಯಾಸ ಮಾಡುತ್ತಾರೆ. ಸಂಗೀತ ಹೇಳಿಕೊಡುವ ಯಾರನ್ನು ಕೇಳಿದರೂ ಇದೇ ಗೋಳು. ಮಗುವಿನ ಗಂಟಲು ಕಟ್ಟಿರುತ್ತದೆ, ಹಾಡಿದ್ದು ಒಂದೂ ನಿಂತಿರುವುದಿಲ್ಲ, ಆದರೂ ತಾಯಿ “ನಿನ್ನೆ ಒಂದು ಗಂಟೆ ಕುಳಿತಿದ್ದಾನೆ ಮೇಡಂ” ಎಂದು ಸಾಕ್ಷಿ ನುಡಿಯುತ್ತಾರೆ. ಅದಕ್ಕೇ ನಾನು ವಾರದ ಅಭ್ಯಾಸವನ್ನು ಪುಸ್ತಕದಲ್ಲಿ ಬರೆದುಕೊಡುವಾಗ ಮೊದಲು ಬರೆಯುವುದು ಪಾಠವಾದ ದಿನದ ಸಂಜೆಯನ್ನು. ಕಿವಿಯಲ್ಲಿ ಪಾಠ ಇನ್ನೂ ಬಿಸಿಯಾಗಿರುವಾಗ ಹತ್ತು ನಿಮಿಷ ಹಾಡಿದರೆ ಉಳಿದ ದಿನಗಳಿಗೆ ಬುನಾದಿ ಬೀಳುತ್ತದೆ. ಆ ಸಂಜೆ ಬಿಟ್ಟರೆ, ಬುಧವಾರದ ಹೊತ್ತಿಗೆ ಮಗು ತನ್ನದೇ ಒಂದು ಧಾಟಿ ಕಟ್ಟಿಕೊಂಡು ಅದನ್ನೇ ಶ್ರದ್ಧೆಯಿಂದ ಗಟ್ಟಿಮಾಡುತ್ತಿರುತ್ತದೆ. ತಪ್ಪಾಗಿ ಕಲಿತದ್ದನ್ನು ಬಿಡಿಸುವುದು ಹೊಸದನ್ನು ಕಲಿಸುವುದಕ್ಕಿಂತ ಕಷ್ಟ.

ಮೈಸೂರಿನ ನಮ್ಮ ಮನೆಯ ನಡುಮನೆಗೆ ಆರು ವರ್ಷದವರೂ ಬರುತ್ತಾರೆ, ಪಿಂಚಣಿ ತೆಗೆದುಕೊಳ್ಳುವವರೂ ಬರುತ್ತಾರೆ. ಎಲ್ಲರಿಗೂ ಒಂದೇ ಪಟ್ಟಿ ಸಲ್ಲದು.

ಚಿಕ್ಕವರಿಗೆ ಎರಡು ಸರಳೆ ವರಸೆ (ಎಲ್ಲಕ್ಕಿಂತ ಮೊದಲ ಸ್ವರಪಾಠಗಳು), ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ. ಅಷ್ಟೇ. ಶ್ರುತಿಪೆಟ್ಟಿಗೆಯ ಗುಂಡಿ ಒತ್ತುವ ಅಧಿಕಾರ ಮಗುವಿನದ್ದು. ದೊಡ್ಡವರೊಬ್ಬರು ಪಕ್ಕದಲ್ಲಿ ಕುಳಿತಿರಬೇಕು, ಬಾಯಿ ತೆರೆಯಬಾರದು. ಮಿಕ್ಸಿಯನ್ನೂ ಆ ಹೊತ್ತಿಗೆ ಹಾಕಬಾರದು, ಅದು ಯಾವ ಶ್ರುತಿಗೂ ಸೇರುವುದಿಲ್ಲ. ಮೂರನೆಯ ಕಾಲ, ಅಂದರೆ ನಾಲ್ಕು ಪಟ್ಟು ವೇಗ, ಮನೆಯಲ್ಲಿ ನಿಷಿದ್ಧ, ಏಕೆಂದರೆ ವೇಗದ ರುಚಿ ಹತ್ತಿದ ಮಕ್ಕಳು ಸ್ವರಗಳನ್ನು ನುಂಗುತ್ತಾರೆ.

ಒಂಬತ್ತು ಹತ್ತು ವರ್ಷದವರ ವಿಷಯದಲ್ಲಿ ನನಗೆ ಹೆಚ್ಚು ಹಟವಿದೆ. ತಿಂಗಳುಗಟ್ಟಲೆ ಮಾಯಾಮಾಳವಗೌಳ ರಾಗದಲ್ಲಿ ಸ ರಿ ಗ ಮ ಎಂದು ಹತ್ತಿದ ಗಂಟಲು, ಮಕ್ಕಳು ಮೊದಲು ಕಲಿಯುವ ಹಾಡುಗಳಾದ ಪಿಳ್ಳಾರಿ ಗೀತೆಗೆ ಬಂದ ಕೂಡಲೇ ಮುಗ್ಗರಿಸುತ್ತದೆ. ಆ ಗೀತೆಗಳ ರಾಗ ಮಲಹರಿಯಲ್ಲಿ ಹತ್ತುವಾಗ ಗಾಂಧಾರ (ಗ) ಇಲ್ಲ, ಇಳಿಯುವಾಗ ಮಾತ್ರ ಉಂಟು. ನಿಷಾದವಂತೂ (ನಿ) ಇಲ್ಲವೇ ಇಲ್ಲ. ರಿಷಭದಿಂದ (ರಿ) ನೇರವಾಗಿ ಮಧ್ಯಮಕ್ಕೆ (ಮ) ಹೋಗಬೇಕಾದಲ್ಲಿ ಹಳೆಯ ಅಭ್ಯಾಸದ ಗಾಂಧಾರ ಸದ್ದಿಲ್ಲದೆ ನುಸುಳುತ್ತದೆ. ಆಗ ಇಡೀ ಗೀತೆಯನ್ನು ಇಪ್ಪತ್ತು ಸಲ ಹಾಡಿಸಿದರೆ ತಪ್ಪು ಇಪ್ಪತ್ತು ಸಲ ಪಳಗುತ್ತದೆ. ಆ ವಾರದ ಪುಟದಲ್ಲಿ ನಾನು ಬರೆಯುವುದು ಇಷ್ಟೇ: “ರಿ ಮ ಪ, ಪ ಮ ಗ ರಿ. ಅಕಾರದಲ್ಲೂ. ಗೀತೆ ಹಾಡಬೇಡ.” ಅಕಾರವೆಂದರೆ ಸ್ವರದ ಹೆಸರು ಹೇಳದೆ ‘ಅ’ ಎಂದೇ ಹಾಡುವುದು. ಇಷ್ಟಕ್ಕೇ ವಾರಕ್ಕೆ ಫೀಸು ಕೊಡಬೇಕೇ ಎಂದು ಕೆಲವು ತಂದೆಯರ ಮುಖದಲ್ಲಿ ಕಾಣುತ್ತದೆ. ಕೊಡಬೇಕು.

ಅಲಂಕಾರಗಳಲ್ಲಿ, ಅಂದರೆ ಬೇರೆ ಬೇರೆ ತಾಳಗಳಿಗೆ ಕಟ್ಟಿದ ಸ್ವರಪಾಠಗಳಲ್ಲಿ, ಝಂಪೆ ತಾಳದ್ದು ಇನ್ನೊಂದು ಕಥೆ. ಏಳು ಎಣಿಕೆಯ ಲಘು, ಆಮೇಲೆ ಒಂದು ಎಣಿಕೆಯ ಅನುದ್ರುತ, ಎರಡು ಎಣಿಕೆಯ ದ್ರುತ, ಒಟ್ಟು ಹತ್ತು ಅಕ್ಷರ (ಎಣಿಕೆ). ಲಘುವಿಗೆ ಒಂದು ತಟ್ಟು, ಕಿರುಬೆರಳಿನಿಂದ ಹೆಬ್ಬೆರಳಿನವರೆಗೆ ಐದು, ಏಳನೆಯದಕ್ಕೆ ಮತ್ತೆ ಕಿರುಬೆರಳಿಗೆ ಮರಳಬೇಕು. ಅಲ್ಲಿಯೇ ಕೈ ತಡವರಿಸುತ್ತದೆ. ಇದನ್ನು ಹಾಡದೆ, ಬಾಯಲ್ಲಿ ಅಂಕಿ ಹೇಳುತ್ತ, ಕೈಯಲ್ಲಿ ಮಾತ್ರ ಮೂರು ದಿನ ಹಾಕಿ ಎನ್ನುತ್ತೇನೆ. ಶಾಲೆಯ ವ್ಯಾನಿನಲ್ಲಿ ಕುಳಿತೇ ಮಾಡಬಹುದು.

ಹದಿಮೂರು ಹದಿನಾಲ್ಕರ ಹುಡುಗರ ಧ್ವನಿ ಒಡೆಯುವ ಕಾಲದಲ್ಲಿ ಬಹಳಷ್ಟು ಮಂದಿ ಸಂಗೀತ ಬಿಡುತ್ತಾರೆ. ನಾಚಿಕೆಯೇ ಮುಖ್ಯ ಕಾರಣ. ಐದು ಮನೆಯಷ್ಟು ಎತ್ತರದ ಶ್ರುತಿಯಲ್ಲಿ ಸಲೀಸಾಗಿ ಹಾಡುತ್ತಿದ್ದವನಿಗೆ ತಾರಷಡ್ಜ (ಮೇಲಿನ ಸ) ಕೈಕೊಟ್ಟಾಗ ತಂಗಿ ನಕ್ಕರೂ ಸಾಕು. ಅವನಿಗೆ ಶ್ರುತಿ ಇಳಿಸುತ್ತೇನೆ, ಅದೂ ಹಾಡಿಸಿ ನೋಡಿ ಆಗಾಗ ಬದಲಿಸುತ್ತೇನೆ. ಮನೆಯಲ್ಲಿ ಮಧ್ಯಸ್ಥಾಯಿಯ ಪಂಚಮ (ಪ) ದಾಟುವಂತಿಲ್ಲ. ಹಾಡುವ ಹೊತ್ತನ್ನು ಅರ್ಧಕ್ಕೆ ಇಳಿಸಿ, ಉಳಿದರ್ಧದಲ್ಲಿ ವರ್ಣವೆಂಬ ಬಗೆಯ ಒಂದು ರಚನೆಯನ್ನು ಕೇಳಿ ಸ್ವರ ಬರೆದುಕೊಂಡು ಬರಲು ಹೇಳುತ್ತೇನೆ. ಹುಡುಗರಿಗೆ ಇದು ಒಗಟು ಬಿಡಿಸಿದಂತೆ ಹಿಡಿಸುತ್ತದೆ.

ಕಚೇರಿಗೆ ಹೋಗುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಭಾನುವಾರ ಎರಡು ಗಂಟೆ ಎಂದು ಮಾತು ಕೊಡುತ್ತಾರೆ, ಭಾನುವಾರ ನೆಂಟರು ಬರುತ್ತಾರೆ. ಬೆಳಿಗ್ಗೆ ಕಾಫಿಗೆ ಮೊದಲು ಮಂದ್ರದಲ್ಲಿ (ಕೆಳಗಿನ ಸ್ಥಾಯಿಯಲ್ಲಿ) ಹದಿನೈದು ನಿಮಿಷ ಅಕಾರ ಸಾಧನೆ ಮಾಡಿದರೆ ಸಾಕು.

ಅರವತ್ತು ದಾಟಿದವರಿಗೆ ನನ್ನ ಪಟ್ಟಿ ಕಡಿವಾಣವಾಗಿ ಕೆಲಸ ಮಾಡುತ್ತದೆ. ಜೀವಮಾನದ ಆಸೆ ಈಗ ಕೈಗೂಡಿದೆ ಎಂಬ ಹುರುಪಿನಲ್ಲಿ ಅವರು ಬೆಳಿಗ್ಗೆ ಕುಳಿತರೆ ಅಡುಗೆಯ ಹೊತ್ತಿಗೆ ಏಳುತ್ತಾರೆ, ಮರುದಿನ ಧ್ವನಿ ಇರುವುದಿಲ್ಲ. ಇಪ್ಪತ್ತು ನಿಮಿಷ ಹಾಡಿ ನಿಲ್ಲಿಸಿ, ನೀರು ಕುಡಿಯಿರಿ, ಸಾಹಿತ್ಯ ಓದಿ, ಸಂಜೆ ಮತ್ತೆ ಇಪ್ಪತ್ತು ನಿಮಿಷ ಎಂದು ಬರೆಯುತ್ತೇನೆ. ಒಂದೇ ಉಸಿರಿಗೆ ಸಾಲು ಮುಗಿಸುವ ಪಣ ಬೇಡ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಸಾಹಿತ್ಯದ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಡುತ್ತೇನೆ, ಪದದ ನಡುವೆ ಮುರಿಯದಂತೆ.

ಇನ್ನು ಎಸ್ಸೆಸ್ಸೆಲ್ಸಿ ಮಕ್ಕಳು. ಜನವರಿ ಬಂತೆಂದರೆ “ಪರೀಕ್ಷೆ ಮುಗಿಯುವವರೆಗೆ ಬಿಡಿಸುತ್ತೇವೆ” ಎಂಬ ಫೋನು ಬರುತ್ತದೆ. ಪಾಠ ಬಿಡಿಸಿ, ಶ್ರುತಿ ಬಿಡಿಸಬೇಡಿ ಎನ್ನುತ್ತೇನೆ. ಓದಿನ ನಡುವೆ ಎದ್ದಾಗ ಸ್ವರಗಳನ್ನು ಜೋಡಿಯಾಗಿ ಹಾಡುವ ಒಂದು ಜಂಟಿ ವರಸೆ, ಬರುವ ಒಂದು ಕೃತಿ, ಹೊಸದೇನೂ ಇಲ್ಲ. ಅದಕ್ಕೂ ಒಪ್ಪದವರಿಗೆ, ಆ ತಿಂಗಳುಗಳ ಫೀಸು ಬೇಡ ಎಂದುಬಿಡುತ್ತೇನೆ. ಇದುವರೆಗೆ ಯಾರೂ ವಾದ ಮುಂದುವರಿಸಿಲ್ಲ.