ತಾಡಪಾಲು ಹೊಲಿಯುವ ಕೈಗೆ ಹಾಯಿ ಕಲಿಸಿದ್ದು

ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಲ್ಲಿರುವ ನಮ್ಮ ಅಂಗಡಿಯ ಕಸುಬು ಲಾರಿಗಳಿಗೆ ತಾಡಪಾಲು ಹೊಲಿಯುವುದು. ಎಪಿಎಂಸಿಯಿಂದ ಹೊರಡುವ ಮೆಕ್ಕೆಜೋಳವನ್ನೂ ಭದ್ರಾ ಅಚ್ಚುಕಟ್ಟಿನ ಭತ್ತವನ್ನೂ ಮಳೆಯಿಂದ ಕಾಯುವ ಬಟ್ಟೆಯನ್ನು ಅಳತೆಗೆ ಕತ್ತರಿಸಿ, ಅಂಚು ಮಡಚಿ ಅದರೊಳಗೆ ಹಗ್ಗ ಸೇರಿಸಿ, ಹಿತ್ತಾಳೆಯ ರಿಂಗು ಹೊಡೆದು ಕೊಡುತ್ತೇವೆ. ಇಂತಹ ಅಂಗಡಿಗೆ ಹೊನ್ನಾವರದಿಂದ ಒಂದು ಹಾಯಿಯ ಕೆಲಸ ಬಂದಿತು. ಮೀನಿನ ಲೋಡು ತರುವ ಚಾಲಕರೊಬ್ಬರ ಮೂಲಕ ನಮ್ಮ ಹೊಲಿಗೆಯನ್ನು ನೋಡಿದ್ದ ಅಲ್ಲಿಯ ಹಿರಿಯರೊಬ್ಬರು, ತಮ್ಮ ತಂದೆಯ ಕಾಲದ, ಸುಮಾರು 24 ಅಡಿ ಉದ್ದದ ಮರದ ದೋಣಿಯನ್ನು ದುರಸ್ತಿ ಮಾಡಿಸಿ ಮತ್ತೆ ಹಾಯಿಯಲ್ಲೇ ಓಡಿಸಬೇಕೆಂದಿದ್ದರು. ಅವರ ಊರಿನಲ್ಲಿ ಹಾಯಿ ಹೊಲಿಯುತ್ತಿದ್ದವರು ಯಾರೂ ಉಳಿದಿರಲಿಲ್ಲ. ಹೊಲಿದು ಲಾರಿಗೆ ಹಾಕಿ ಕಳಿಸಿ ಸುಮ್ಮನಿರಲು ನನಗೆ ಮನಸ್ಸು ಒಪ್ಪಲಿಲ್ಲ. ಅದೇ ದೋಣಿಯಲ್ಲಿ ಹೊನ್ನಾವರದಿಂದ ಕಾರವಾರದವರೆಗೆ ಹೋಗಿ ಬಂದೆ. ಬಟ್ಟೆಯನ್ನು ಗಾಳಿ ಹರಿಯುವುದಕ್ಕಿಂತ ಉಜ್ಜಾಟ ಮತ್ತು ಬಿಸಿಲು ತಿನ್ನುವುದೇ ಹೆಚ್ಚು ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಆ ಪ್ರಯಾಣದಲ್ಲಿ.

ಹೊಲಿಗೆಯ ವಿಷಯವನ್ನು ಮೊದಲು ಹೇಳುತ್ತೇನೆ. ತಾಡಪಾಲು ಚಪ್ಪಟೆಯಾದ ಬಟ್ಟೆ. ಹಾಯಿಗೆ ಹೊಟ್ಟೆ ಇರಬೇಕು. ಚಪ್ಪಟೆ ಬಟ್ಟೆಯನ್ನು ಕಂಬಕ್ಕೆ ಏರಿಸಿದರೆ ಹಿಂದಿನಿಂದ ಬೀಸುವ ಗಾಳಿಯಲ್ಲಿ ದೋಣಿ ಹೇಗೋ ಸಾಗುತ್ತದೆ. ಗಾಳಿ ಪಕ್ಕಕ್ಕೆ ಅಥವಾ ಓರೆಯಾಗಿ ಮುಂದಕ್ಕೆ ತಿರುಗಿದಾಗ ಎಳೆಯುವ ಶಕ್ತಿ ಕುಗ್ಗುತ್ತದೆ. ಆ ಹೊಟ್ಟೆ ಬರುವುದು ಬಟ್ಟೆಯ ಪಟ್ಟಿಗಳನ್ನು ಕೂಡಿಸುವ ಬಗೆಯಿಂದ. ರವಿಕೆಗೆ ಡಾಟು ಹಿಡಿಯುವಂತೆ, ಒಂದೊಂದು ಪಟ್ಟಿಯನ್ನು ಮುಂದಿನ ಪಟ್ಟಿಯ ಮೇಲೆ ತುದಿಯಲ್ಲಿ ಹೆಚ್ಚು, ನಡುವಿನಲ್ಲಿ ಕಡಿಮೆ ಏರಿಸಿ ಹೊಲಿದಾಗ ನಡುಭಾಗ ತಾನಾಗಿ ಉಬ್ಬುತ್ತದೆ. ಈ ದೋಣಿಯದು ಅರಬ್ಬೀ ಸಮುದ್ರದಲ್ಲಿ ಹಿಂದಿನಿಂದ ಬಂದಿರುವ ಮೂಲೆಹಾಯಿ. ಕಂಬಕ್ಕೆ ಓರೆಯಾಗಿ ಏರಿಸುವ ಉದ್ದನೆಯ ಮರಕ್ಕೆ ಅದರ ಮುಂದಿನ ಅಂಚನ್ನು ಕಟ್ಟುತ್ತಾರೆ. ಹೆಂಚು ಹೊತ್ತು ಸಾಗುತ್ತಿದ್ದ ಪತ್ತೇಮಾರಿ ಎಂಬ ಹಾಯಿಹಡಗುಗಳಲ್ಲಿಯೂ ಇದೇ ಬಗೆಯ ಹಾಯಿಗಳಿದ್ದವು. ಪಟ್ಟಿಗಳು ಹಿಂಬದಿಯ ಅಂಚಿಗೆ ಸಮಾನಾಂತರವಾಗಿ ಬರಬೇಕು, ಏಕೆಂದರೆ ಆ ಅಂಚಿಗೆ ಹಗ್ಗದ ಆಸರೆ ಕಡಿಮೆ ಮತ್ತು ಎಳೆತವನ್ನು ಬಟ್ಟೆಯ ಉದ್ದಕ್ಕೆ ಓಡುವ ಹಾಸುನೂಲೇ ತಡೆಯಬೇಕು. ನೂಲಿಗೆ ಓರೆಯಾಗಿ ಎಳೆದರೆ ಯಾವ ಬಟ್ಟೆಯಾದರೂ ಹಿಗ್ಗುತ್ತದೆ.

ಹಾಯಿಯನ್ನು ಮರಳಿನ ಮೇಲೆ ಹರಡಿದಾಗ ದೋಣಿ ನಡೆಸುವ ಮುಖ್ಯಸ್ಥರಾದ ತಾಂಡೇಲರು ಬಟ್ಟೆಯನ್ನು ಎಳೆದು ನೋಡಲಿಲ್ಲ. ಕಣ್ಣು ಮುಚ್ಚಿ ಹೊಲಿಗೆಯ ಸಾಲಿನ ಮೇಲೆ ಹೆಬ್ಬೆರಳನ್ನು ಮೆಲ್ಲನೆ ಓಡಿಸಿದರು. "ನೋಡಿ ದಾವಣಗೆರೆಯವರೇ, ದಾರ ಮೇಲೇ ನಿಂತದೆ. ಮೊದ್ಲು ಹೋಗೂದು ಇದೇಯ" ಎಂದರು. ಹಳೆಯ ಹತ್ತಿಯ ಕ್ಯಾನ್ವಾಸು ಮೆತ್ತಗಿರುವುದರಿಂದ ದಾರವನ್ನು ತನ್ನೊಳಗೆ ಇಳಿಸಿಕೊಳ್ಳುತ್ತದೆ. ನಾವು ಬಳಸಿದ್ದ ಪಾಲಿಯೆಸ್ಟರ್ ಬಟ್ಟೆ ಬಿಗಿಯಾದದ್ದು. ದಾರ ಅದರ ಮೇಲೆ ಉಬ್ಬಿ ನಿಲ್ಲುತ್ತದೆ. ಹಗ್ಗವಾಗಲಿ ಮರವಾಗಲಿ ತಾಗಿದಾಗ ಪೆಟ್ಟು ಬೀಳುವುದು ಬಟ್ಟೆಗಿಂತ ಮೊದಲು ದಾರಕ್ಕೆ. ಇದು ಬಿಗಿ ಬಟ್ಟೆಯ ಸ್ವಭಾವವಾದ್ದರಿಂದ ಹೊಲಿಯುವವನು ಇದನ್ನು ಪೂರ್ತಿ ತಪ್ಪಿಸಲಾರ. ತಾಗುವ ಜಾಗ ಯಾವುದೆಂದು ತಿಳಿದು ಅಲ್ಲಿ ಮೇಲುಪಟ್ಟಿ ಕೊಡಬಲ್ಲ. ಆ ಜಾಗಗಳನ್ನು ಗುರುತಿಸಲೆಂದೇ ಒಂದು ತುಂಡು ಸೀಮೆಸುಣ್ಣವನ್ನು ಜೇಬಿನಲ್ಲಿಟ್ಟುಕೊಂಡು ದೋಣಿ ಹತ್ತಿದೆ.

ಚಳಿಗಾಲದಲ್ಲಿ ಈ ಕರಾವಳಿಯ ಗಾಳಿಗೆ ಒಂದು ದಿನಚರಿ ಇದೆ. ರಾತ್ರಿ ನೆಲ ತಣ್ಣಗಾಗುವುದರಿಂದ ನಸುಕಿನಲ್ಲಿ ಪೂರ್ವದ ಕಡೆಯಿಂದ, ಘಟ್ಟದ ದಿಕ್ಕಿನಿಂದ, ನೆಲಗಾಳಿ ಬೀಸುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ, ಮಧ್ಯಾಹ್ನದಿಂದ ಸಂಜೆಯವರೆಗೆ, ಪಡುವಣ ಮತ್ತು ವಾಯವ್ಯದಿಂದ ಕಡಲಗಾಳಿ ಬರುತ್ತದೆ. ಉತ್ತರಕ್ಕೆ ಹೋಗುವ ದೋಣಿಗೆ ಬೆಳಗಿನ ಗಾಳಿ ಪಕ್ಕದಿಂದ ಸಿಗುವುದರಿಂದ ದಾರಿ ಬೇಗ ಸಾಗುತ್ತದೆ. ಮಧ್ಯಾಹ್ನದ ಗಾಳಿ ಎದುರಾಗಿ ನಿಲ್ಲುತ್ತದೆ. ಆದ್ದರಿಂದ ಕತ್ತಲಿರುವಾಗಲೇ ಹೊರಟು ಹೊತ್ತೇರುವ ಮೊದಲು ಮುಂದಿನ ಅಳಿವೆಯನ್ನು ಸೇರುವುದು ತಾಂಡೇಲರ ಕ್ರಮ. ಶರಾವತಿಯ ಅಳಿವೆಯಲ್ಲಿ ಮರಳಿನ ದಿಬ್ಬವಿದೆ. ಇಳಿತದ ನೀರು ಹೊರಗೆ ಹರಿಯುವಾಗ ಕಡಲಿನ ಅಲೆ ಅದಕ್ಕೆ ಎದುರಾಗಿ ಅಲ್ಲೇ ಎದ್ದು ಒಡೆಯುತ್ತದೆ. ಭರತದ ನೀರು ತುಂಬಿ ನಿಲ್ಲುವ ಹೊತ್ತಿಗೆ ಕಾದು, ದಿಬ್ಬವನ್ನು ದಾಟಿ ಬಯಲು ಕಡಲಿಗೆ ಬಂದೆವು. ಧಾರೇಶ್ವರ, ಕುಮಟಾ ಬಲಗಡೆ ಸರಿದವು. ಎಂಜಿನ್ನಿನ ಸದ್ದಿಲ್ಲದೆ ಹಲಗೆಯ ಪಕ್ಕದಲ್ಲಿ ನೀರು ಹರಿಯುವುದಷ್ಟೇ ಕೇಳಿಸುತ್ತಿದ್ದ ಆ ಬೆಳಗಿನಲ್ಲಿ ನಮ್ಮ ಅಂಗಡಿಯ ಬಟ್ಟೆ ಗಾಳಿ ತುಂಬಿಕೊಂಡು ಇಡೀ ದೋಣಿಯನ್ನು ಎಳೆಯುವುದನ್ನು ಕಂಡು ನನಗಾದ ಸಂತೋಷ ದೊಡ್ಡದು.

ಗಾಳಿ ಜೋರಾಗಿದ್ದಾಗ ಹಾಯಿ ಸುಖವಾಗಿರುತ್ತದೆ. ಬಿಗಿದ ಬಟ್ಟೆ ಅಲುಗಾಡುವುದಿಲ್ಲ, ಆದ್ದರಿಂದ ಉಜ್ಜುವುದೂ ಇಲ್ಲ. ನೆಲಗಾಳಿ ಬಿದ್ದು ಕಡಲಗಾಳಿ ಇನ್ನೂ ಏಳದಿರುವ ಮಧ್ಯದ ಹೊತ್ತೇ ಅದಕ್ಕೆ ಕಷ್ಟಕಾಲ. ಆಗ ಗಾಳಿ ಇರುವುದಿಲ್ಲ, ಆದರೆ ದೂರದಿಂದ ಬರುವ ಉದ್ದನೆಯ ಅಲೆ ನಿಂತಿರುವುದಿಲ್ಲ. ದೋಣಿ ಎಡಕ್ಕೂ ಬಲಕ್ಕೂ ಹೊರಳುತ್ತದೆ, ಓರೆ ಮರ ತೂಗುತ್ತದೆ, ಸಡಿಲಾದ ಹಾಯಿ ಪ್ರತಿ ಹೊರಳಿಗೂ ಪಟಾರೆಂದು ಬಡಿದು ಕಂಬದ ಹಗ್ಗಗಳಿಗೆ ತಿಕ್ಕುತ್ತದೆ. ಹಾಯಿಯ ಮೇಲೆ ನಾನು ಮಾಡಿದ ಸುಣ್ಣದ ಗುರುತುಗಳಲ್ಲಿ ಬಹುಪಾಲು ಈ ಹೊತ್ತಿನವು. ಗಾಳಿ ಬರಲೆಂದು ಕಾಯುತ್ತಾ ಹಾಯಿಯನ್ನು ಹಾಗೇ ಬಿಟ್ಟರೆ ಅರ್ಧ ದಿನದ ಓಟಕ್ಕಿಂತ ಹೆಚ್ಚು ಸವೆತ ಒಂದು ಗಂಟೆಯಲ್ಲಿ ಆಗುತ್ತದೆಂದು ಹೇಳಿ ತಾಂಡೇಲರು ಮರವನ್ನು ಇಳಿಸಿ, ಬಟ್ಟೆಯನ್ನು ಸುತ್ತಿ ಕಟ್ಟಿ, ಹುಟ್ಟು ಹಾಕಿದರು. ಸುತ್ತಿದ ಹಾಯಿಯ ಮೇಲೆ ಒಂದು ಹಳೆಯ ಬಟ್ಟೆಯನ್ನೂ ಹೊದಿಸಿದರು. ಬಿಸಿಲು ಪಾಲಿಯೆಸ್ಟರ್ ದಾರವನ್ನು ನಿಧಾನವಾಗಿ ತಿನ್ನುತ್ತದೆ, ನೈಲಾನ್ ದಾರವನ್ನು ಅದಕ್ಕಿಂತ ಬೇಗ ತಿನ್ನುತ್ತದೆ; ಲಂಗರು ಹಾಕಿ ನಿಂತಿರುವ ದೋಣಿಯಲ್ಲಿ ಬಿಚ್ಚಿಟ್ಟ ಹಾಯಿ ಏನೂ ಕೆಲಸ ಮಾಡದೆಯೇ ಹಾಳಾಗುತ್ತದೆ.

ಎದುರುಗಾಳಿಯಲ್ಲಿ ಓರೆಯೋರೆಯಾಗಿ ಸಾಗುವಾಗ ಇನ್ನೊಂದು ಸಂಗತಿ ಗಮನಕ್ಕೆ ಬಂದಿತು. ದೋಣಿ ದಿಕ್ಕು ಬದಲಿಸಿದಾಗ ಓರೆ ಮರವನ್ನು ಕಂಬದ ಮುಂದಿನಿಂದ ಇನ್ನೊಂದು ಪಕ್ಕಕ್ಕೆ ದಾಟಿಸಬೇಕು. ಶ್ರಮದ ಕೆಲಸವೆಂದು ದಾಟಿಸದೆ ಬಿಟ್ಟರೆ ಗಾಳಿಯೇ ಹಾಯಿಯನ್ನು ಕಂಬಕ್ಕೆ ಒತ್ತುತ್ತದೆ ಮತ್ತು ಕಂಬದ ಉದ್ದಕ್ಕೂ ಒಂದು ಸವೆತದ ಗೆರೆ ಮೂಡುತ್ತದೆ.

ಇನ್ನು ದೋಣಿಯ ಒಡಲಿನ ಬಗ್ಗೆ. ಹಲಗೆಗಳ ನಡುವಿನ ಸಂದಿಗೆ ಹತ್ತಿಯ ನೂಲನ್ನು ಹೊಸೆದು ಉಳಿಯಂತಹ ಸಲಕರಣೆಯಿಂದ ಬಡಿದು ಕೂರಿಸಿ, ಮೇಲೆ ರಾಳ ಮತ್ತು ಎಣ್ಣೆಯ ಮಿಶ್ರಣ ಬಳಿದಿದ್ದರು. ದಡದಲ್ಲಿ ಒಣಗಿದ ಮರ ಕುಗ್ಗಿರುತ್ತದೆ, ಆದ್ದರಿಂದ ನೀರಿಗಿಳಿಸಿದ ಮೊದಲ ದಿನ ಸಂದಿಗಳಲ್ಲಿ ನೀರು ಒಸರುತ್ತದೆ. ನೀರು ಕುಡಿದು ಮರವೂ ಹತ್ತಿಯೂ ಉಬ್ಬಿದಂತೆ ಅದು ತಾನಾಗಿ ಕಡಿಮೆಯಾಗುತ್ತದೆ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ಊರಿನವನಾದ ನಾನು ಹತ್ತಿಯನ್ನು ಬಟ್ಟೆಯಾಗಿ ಮಾತ್ರ ಬಲ್ಲೆ. ಹಲಗೆಗಳ ನಡುವೆ ಕುಳಿತು ಅದು ಕಡಲನ್ನೇ ಹೊರಗೆ ತಡೆಯುವುದನ್ನು ನೋಡಿ, ಮಿಲ್ಲುಗಳಲ್ಲಿ ದುಡಿದು ಹೋದ ನಮ್ಮ ಹಿರಿಯರು ನೆನಪಾದರು. ಒದ್ದೆಯಾದಾಗ ಹತ್ತಿಯ ನೂಲಿನ ಬಲ ಹೆಚ್ಚುತ್ತದೆ ಎಂಬುದು ಮಿಲ್ಲಿನವರಿಗೆ ಗೊತ್ತಿದ್ದ ಮಾತೇ. ಆದರೆ ಒದ್ದೆಯಾಗಿಯೇ ಮಡಚಿಟ್ಟರೆ ಅದೇ ಹತ್ತಿಗೆ ಬೂಷ್ಟು ಹಿಡಿಯುತ್ತದೆ.

ತದಡಿಯಲ್ಲಿ ಅಘನಾಶಿನಿಯ ಅಳಿವೆಯೊಳಗೆ ಒಂದು ರಾತ್ರಿ ತಂಗಿ, ಗೋಕರ್ಣದ ಓಂ ಕಡಲತೀರವನ್ನು ದಾಟಿ ಬೇಲೆಕೇರಿಗೆ, ಅಲ್ಲಿಂದ ಅರ್ಗಾದ ನೌಕಾನೆಲೆಯಿಂದ ದೂರವೇ ಉಳಿದು ಕಾರವಾರಕ್ಕೆ ತಲುಪಿದೆವು. ಕಾಳಿಯ ಅಳಿವೆಯ ದಡದಲ್ಲಿ ಹಾಯಿಯನ್ನು ಸಿಹಿನೀರಿನಲ್ಲಿ ತೊಳೆದು ಹರಡಿದೆವು. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ತೊಳೆಯದ ಬಟ್ಟೆ ಎಂದಿಗೂ ಪೂರ್ತಿ ಒಣಗುವುದಿಲ್ಲ, ಅದರ ಹರಳುಗಳು ದಾರವನ್ನು ಕೊಯ್ಯುತ್ತಲೂ ಇರುತ್ತವೆ. ತಾಂಡೇಲರೂ ನಾನೂ ಎದುರುಬದುರು ಕುಳಿತು, ಜೇನುಮೇಣ ತಿಕ್ಕಿದ ದಾರವನ್ನು ದಬ್ಬಳಕ್ಕೆ ಪೋಣಿಸಿ, ಗುರುತು ಮಾಡಿದ ಜಾಗಗಳಿಗೆಲ್ಲ ಮೇಲುಪಟ್ಟಿ ಹಾಕಿದೆವು. ಆ ಪಟ್ಟಿಗಳನ್ನು ಹಾಯಿಯ ಮುಖ್ಯ ಹೊಲಿಗೆಗೆ ಸೇರಿಸದೆ ಬೇರೆ ಹೊಲಿಗೆಯಿಂದ ಕೂರಿಸಿದೆವು, ಪಟ್ಟಿ ಸವೆದಾಗ ಅದನ್ನಷ್ಟೇ ಬಿಚ್ಚಿ ಬದಲಿಸಬಹುದು ಎಂಬ ಕಾರಣಕ್ಕೆ.

ಊರಿಗೆ ಬಂದ ಮೇಲೆ ಅಂಗಡಿಯಲ್ಲಿ ದುರಸ್ತಿಗೆ ಬಿದ್ದಿದ್ದ ತಾಡಪಾಲುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದೆ. ಹರಿದದ್ದು ಹೆಚ್ಚಾಗಿ ಬಾಡಿಯ ಮೂಲೆ ತಾಗುವಲ್ಲಿ, ಹಗ್ಗ ಹಾದುಹೋಗುವಲ್ಲಿ ಮತ್ತು ಹಿಂದಿನ ಸಡಿಲ ಅಂಚಿನಲ್ಲಿ. ಚಾಲಕರನ್ನು ವಿಚಾರಿಸಿದಾಗ, ತುಂಬಿದ ಲೋಡಿನ ಮೇಲೆ ಬಿಗಿಯಾಗಿ ಕಟ್ಟಿದ್ದಾಗಲ್ಲ, ಅರ್ಧ ಲೋಡಿನ ಮೇಲೆ ಸಡಿಲವಾಗಿ ಹೊದಿಸಿ, ಚಿತ್ರದುರ್ಗದ ಗಾಳಿಯಂತ್ರಗಳ ಗುಡ್ಡಗಳನ್ನು ಹಾದುಹೋಗುವಾಗ ಬಟ್ಟೆ ಬಡಿದುಕೊಂಡು ಹರಿಯಿತು ಎಂದು ಒಬ್ಬರಿಗಿಂತ ಹೆಚ್ಚು ಮಂದಿ ಹೇಳಿದರು. ಮೊದಲು ಗಿರಾಕಿ ಗಟ್ಟಿಯಾದದ್ದು ಬೇಕೆಂದರೆ ಇನ್ನೂ ದಪ್ಪ ಬಟ್ಟೆಯನ್ನು ತೋರಿಸುತ್ತಿದ್ದೆವು. ಈಗ ಲಾರಿಯನ್ನು ಅಂಗಡಿಯ ಮುಂದೆ ನಿಲ್ಲಿಸಿಕೊಂಡು, ಬಾಡಿಯ ಮೂಲೆಗಳನ್ನು ಕೈಯಿಂದ ಸವರಿ ನೋಡಿ, ತಾಗುವ ಕಡೆ ಬಿಚ್ಚಬಹುದಾದ ಮೇಲುಪಟ್ಟಿಯನ್ನು ಹಾಕುತ್ತೇವೆ. ಹಿಂದಿನ ಅಂಚಿಗೆ ರಿಂಗುಗಳನ್ನು ಹತ್ತಿರ ಹತ್ತಿರ ಹೊಡೆಯುತ್ತೇವೆ, ಅರ್ಧ ಲೋಡಿನಲ್ಲೂ ಬಟ್ಟೆಯನ್ನು ಮಡಚಿ ಬಿಗಿಯಲು ಅದರಿಂದ ಸಾಧ್ಯವಾಗುತ್ತದೆ. ನೈಲಾನ್ ದಾರವನ್ನು ಬಿಟ್ಟು ಪಾಲಿಯೆಸ್ಟರ್ ದಾರಕ್ಕೆ ಬಂದಿದ್ದೇವೆ. ಪ್ರತಿ ತಾಡಪಾಲಿನ ಜೊತೆ ಒಂದು ದಬ್ಬಳ, ಮೇಣ ಹಚ್ಚಿದ ದಾರ ಮತ್ತು ಅದೇ ಬಟ್ಟೆಯ ಒಂದೆರಡು ತುಂಡುಗಳನ್ನು ಕಟ್ಟಿ ಕೊಡುತ್ತೇವೆ. ಅಂಗೈಯಗಲದ ಸವೆತವನ್ನು ಚಾಲಕರೇ ಢಾಬಾದ ಮುಂದೆ ನಿಂತು ಸರಿಮಾಡಿಕೊಳ್ಳಲಿ ಎಂಬುದು ನನ್ನ ಆಸೆ.

ಮಳೆಗಾಲದಲ್ಲಿ ಆ ದೋಣಿಯನ್ನು ದಡಕ್ಕೆ ಎಳೆದು ಮಡಲಿನ ಚಪ್ಪರದ ಕೆಳಗೆ ಇಡುತ್ತಾರೆ, ಹಾಯಿ ಮಾತ್ರ ಮೀನಿನ ಲಾರಿಯಲ್ಲಿ ದಾವಣಗೆರೆಗೆ ಬರುತ್ತದೆ. ತಾಡಪಾಲಿನ ಗಿರಾಕಿಗಳು ಹೆಚ್ಚಿರುವ ಆ ತಿಂಗಳುಗಳಲ್ಲೇ ಅದನ್ನು ಅಂಗಡಿಯ ನೆಲದ ಮೇಲೆ ಹರಡಿ, ಕೆಲಸ ಕಲಿಯುತ್ತಿರುವ ಹುಡುಗರನ್ನು ಕೂರಿಸಿಕೊಂಡು, ಪಟ್ಟಿ ಪಟ್ಟಿಯಾಗಿ ಹೊಲಿಗೆಯನ್ನು ಬೆರಳಿನಿಂದ ಪರೀಕ್ಷಿಸುತ್ತೇವೆ. ಕಂಬಕ್ಕೆ ತಾಗುವ ಜಾಗದ ಮೇಲುಪಟ್ಟಿಯನ್ನು ಈ ಸಲ ಚರ್ಮದಲ್ಲಿ ಮಾಡಿಕೊಡುವಂತೆ ತಾಂಡೇಲರು ಹೇಳಿ ಕಳಿಸಿದ್ದಾರೆ.