ರಿವಾಲ್ವರ್‌ನಲ್ಲಿ ಜಿಂಕೆ ಶಿಕಾರಿ: ತಯಾರಿ ಎಲ್ಲಿಗೆ ಬಂತು

ಈ ಸೀಸನ್‌ಗೆ ರೈಫಲ್ ಬದಿಗಿಟ್ಟು ರಿವಾಲ್ವರ್‌ನಲ್ಲೇ ಬಿಳಿ ಬಾಲದ ಜಿಂಕೆ ಹೊಡೆಯಬೇಕು ಅಂತ ಹೊರಟಿದ್ದೇನೆ. ಇದು ಅಮೆರಿಕದ ಕಾಡಿನ ಮಾತು, ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಜಿಂಕೆ ಹೊಡೆಯೋದು ಅಪರಾಧ. ಅಮೆರಿಕದಲ್ಲೂ ಯಾವ ಕ್ಯಾಲಿಬರ್ (ಗುಂಡಿನ ದಪ್ಪ) ಆಗುತ್ತದೆ, ಬ್ಯಾರೆಲ್ ಎಷ್ಟು ಉದ್ದ ಇರಬೇಕು ಅನ್ನೋದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆ ವರ್ಷದ ನಿಯಮ ಓದದೆ ಕಾಡಿಗೆ ಕಾಲಿಡಬಾರದು.

ನನ್ನದು .44 ಮ್ಯಾಗ್ನಮ್ ಕಾಡತೂಸಿನ ರಿವಾಲ್ವರ್, ಏಳೂವರೆ ಇಂಚಿನ ಬ್ಯಾರೆಲ್. ಸಿಂಗಲ್ ಆಕ್ಷನ್, ಅಂದರೆ ಪ್ರತಿ ಈಡಿಗೂ ಹಿಂದಿನ ಹ್ಯಾಮರ್ (ಕಾಡತೂಸು ಸಿಡಿಸುವ ಸುತ್ತಿಗೆ) ಹೆಬ್ಬೆರಳಲ್ಲಿ ಎಳೆಯಬೇಕು. 240 ಗ್ರೇನ್ (ಸುಮಾರು ಹದಿನೈದೂವರೆ ಗ್ರಾಂ) ಗುಂಡು ಹಾಕುತ್ತೇನೆ. ಎಲ್ಮರ್ ಕೀತ್ ಥರದ ಶಿಕಾರಿಗಳು ವರ್ಷಗಟ್ಟಲೆ ಒತ್ತಾಯ ಮಾಡಿ 1950ರ ದಶಕದಲ್ಲಿ ಬಂದ ಕಾಡತೂಸು ಇದು. 1935ರ .357 ಮ್ಯಾಗ್ನಮ್ ಅನ್ನೋ ಸಣ್ಣ ಕಾಡತೂಸಿನಲ್ಲೂ ಜಿಂಕೆ ಬೀಳುತ್ತದೆ, ಆದರೆ ಗುರಿ ಸ್ವಲ್ಪ ಆಚೀಚೆ ಆದರೆ ತಡೆದುಕೊಳ್ಳುವ ಶಕ್ತಿ ಅದಕ್ಕೆ ಕಮ್ಮಿ ಅನ್ನೋದು ನನ್ನ ಅಭಿಪ್ರಾಯ.

ಅಭ್ಯಾಸಕ್ಕೆ ಎಂಟು ಇಂಚಿನ ಕಾಗದದ ತಟ್ಟೆ ಸಾಕು. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಹೆಚ್ಚುಕಮ್ಮಿ ಅಷ್ಟೇ. ಲೆಕ್ಕಕ್ಕೆ ಹಿಡಿಯೋದು ಮೊದಲ ಆರು ಗುಂಡು ಮಾತ್ರ, ಕೈ ಬಿಸಿಯಾದ ಮೇಲಿನದ್ದಲ್ಲ, ಯಾಕಂದ್ರೆ ಕಾಡಲ್ಲಿ ಕೈ ಪಳಗಿಸಿಕೊಳ್ಳೋಕೆ ಜಿಂಕೆ ಕಾಯುತ್ತಾ ನಿಲ್ಲೋದಿಲ್ಲ ಅಲ್ವಾ. ಆರೂ ತಟ್ಟೆಯೊಳಗೆ ಬೀಳುವ ದೂರವೇ ನನ್ನ ಗೆರೆ. ಮರಳು ಚೀಲದ ಮೇಲೆ ಇಟ್ಟರೆ 50 ಗಜಕ್ಕೂ ಬೀಳುತ್ತವೆ. ಕೂತು, ಮೊಣಕಾಲಿಗೆ ಕೈ ಊರಿದರೆ 35. ನಿಂತು ಹೊಡೆದರೆ 20 ದಾಟಿದ ಮೇಲೆ ಒಂದಾದರೂ ಹೊರಗೆ ಹೋಗುತ್ತದೆ. ಹಾಗಾಗಿ ಈ ವರ್ಷ 35 ಗಜ, ಅದೂ ಕೂತಿದ್ದರೆ ಮಾತ್ರ. ಅದರಾಚೆ ಎಷ್ಟೇ ದೊಡ್ಡ ಕೊಂಬು ನಿಂತರೂ ಸುಮ್ನೆ ನೋಡೋದು.

ಜಾಸ್ತಿ ಉಪಯೋಗ ಆಗಿದ್ದು ಕಾಡತೂಸು ತುಂಬುವ ಸಿಲಿಂಡರ್‌ನಲ್ಲಿ ಎಲ್ಲೋ ಒಂದೆರಡು ಕಡೆ ಖಾಲಿ ಕೇಸ್ (ಹೊಡೆದು ಮುಗಿದ ಕಾಡತೂಸಿನ ಕವಚ) ಸೇರಿಸಿ, ನೋಡದೆ ತಿರುಗಿಸಿ ಮುಚ್ಚಿ ಹೊಡೆಯುವ ಅಭ್ಯಾಸ. ಹ್ಯಾಮರ್ ಖಾಲಿ ಕೇಸ್ ಮೇಲೆ ಬಿದ್ದಾಗ ಬ್ಯಾರೆಲ್ ತುದಿ ಕೆಳಗೆ ಕುಕ್ಕಿದರೆ, ಸದ್ದಿಗೆ ಮೊದಲೇ ಕೈ ಹೆದರುತ್ತಿದೆ ಅಂತ ಅರ್ಥ. ಈಗ ತುದಿ ಅಲ್ಲಾಡದೆ ನಿಲ್ಲುತ್ತಿದೆ, ತುಂಬಾ ಖುಷಿ. ಕಿವಿಗೆ ರಕ್ಷಣೆ ಇಲ್ಲದೆ ಒಂದೇ ಒಂದು ಈಡೂ ಬೇಡ, ಕಾಡಲ್ಲೂ ಬೇಡ. ಸಣ್ಣ ಸದ್ದು ಕೇಳಿಸಿ ದೊಡ್ಡದನ್ನು ತಡೆಯುವ ಎಲೆಕ್ಟ್ರಾನಿಕ್ ಮಫ್ ಹಾಕುತ್ತೇನೆ. ಸಿಲಿಂಡರ್ ಮತ್ತು ಬ್ಯಾರೆಲ್ ನಡುವಿನ ಸಂದಿಯಿಂದ ಬಿಸಿ ಗಾಳಿ, ಸೀಸದ ಚೂರು ಪಕ್ಕಕ್ಕೆ ಹಾರುತ್ತವೆ, ಬೆರಳು ಅಲ್ಲಿಗೆ ಹೋಗಲೇಬಾರದು. ರೈಫಲ್ ಹಿಡಿದು ಅಭ್ಯಾಸ ಇದ್ದವರ ಎಡಗೈ ತಾನಾಗಿ ಮುಂದಕ್ಕೆ ಹೋಗುತ್ತದೆ, ಜೋಪಾನ.

ಹತ್ತಿರ ಹೋಗುವುದೇ ಇದರ ನಿಜವಾದ ಕೆಲಸ. ಸೀಸನ್‌ಗೆ ಮೊದಲು ಬಂದೂಕಿಲ್ಲದೆ, ಬರೀ ದೂರ ಅಳೆಯುವ ರೇಂಜ್‌ಫೈಂಡರ್ ಹಿಡಿದು ಮರದ ಮೇಲಿನ ಹಲಗೆಯಲ್ಲಿ ಮರಸು ಕೂತಿದ್ದೆ. ಗಾಳಿ ಮುಖಕ್ಕೆ ಬರುತ್ತಿತ್ತು. ಒಂದು ಹೆಣ್ಣು ಜಿಂಕೆ ಓಕ್ ಕಾಯಿ ಮೇಯುತ್ತಾ 18 ಗಜಕ್ಕೆ ಬಂತು. ಅಗಿಯೋದು ಕೇಳಿಸುತ್ತಿತ್ತು. ಜಾಕೆಟ್ ತೋಳು ಹಲಗೆಗೆ ಸ್ವಲ್ಪ ಉಜ್ಜಿತು ಅಷ್ಟೇ, ಬಾಯಿ ನಿಂತಿತು, ಒಂದು ಕಿವಿ ನನ್ನ ಕಡೆ ತಿರುಗಿತು, ಮುಂಗಾಲು ಎತ್ತಿ ನೆಲಕ್ಕೆ ಕುಟ್ಟಿತು. ಬಟ್ಟೆಯ ಸದ್ದಿಗೇ ಹೀಗಾದರೆ ಹ್ಯಾಮರ್ ಎಳೆಯುವ ಕ್ಲಿಕ್‌ಗೆ ಅದು ನಿಲ್ಲುತ್ತದಾ? ಜಿಂಕೆಯ ತಲೆ ಮರದ ಮರೆಗೆ ಹೋದಾಗ ಮಾತ್ರ ಎಳೀಬೇಕು. ಹೊಡೆಯೋದು ಬೇಡ ಅನಿಸಿದರೆ ಬ್ಯಾರೆಲ್ ನೆಲದ ಕಡೆ ಇಟ್ಟು, ಹೆಬ್ಬೆರಳಲ್ಲಿ ಹಿಡಿದು ನಿಧಾನವಾಗಿ ಇಳಿಸಬೇಕು. ಮನೆಯಲ್ಲಿ ಖಾಲಿ ರಿವಾಲ್ವರ್‌ನಲ್ಲಿ ದಿನಾ ಇದೇ ಅಭ್ಯಾಸ.

ಪಕ್ಕೆ ಪೂರ್ತಿ ಕಾಣಬೇಕು, ಇಲ್ಲವೇ ಜಿಂಕೆ ಸ್ವಲ್ಪ ಆಚೆ ತಿರುಗಿ ನಿಂತಿರಬೇಕು. ಎದುರಿಂದ, ಹಿಂದಿಂದ ಈಡು ಇಲ್ಲ. ಹೊಡೆದ ಮೇಲೆ ಕಣ್ಣೆದುರೇ ಬೀಳದಿದ್ದರೆ ಅರ್ಧ ಗಂಟೆ ಕೂತಲ್ಲೇ ಕೂರಬೇಕು. ನೊರೆ ಇರುವ ತಿಳಿಗೆಂಪು ರಕ್ತ ಅಂದರೆ ಶ್ವಾಸಕೋಶ, ಹತ್ತಿರದಲ್ಲೇ ಸಿಗುತ್ತದೆ. ಕಪ್ಪುಗೆಂಪು ಇದ್ದರೆ ಯಕೃತ್ತು, ಗಂಟೆಗಟ್ಟಲೆ ಕಾಯಬೇಕು. ಹಸಿರು ಬೆರೆತು ವಾಸನೆ ಬಂದರೆ ಹೊಟ್ಟೆಗೆ ಬಿದ್ದಿದೆ, ಇನ್ನೂ ಜಾಸ್ತಿ ಹೊತ್ತು.

ಬಾಕಿ ಇರೋದು ದಪ್ಪ ಕೋಟು, ಗ್ಲೌಸ್ ಹಾಕಿಕೊಂಡು ಎತ್ತರದಿಂದ ಕೆಳಕ್ಕೆ ಹೊಡೆಯೋದು. ಗ್ಲೌಸ್‌ನಲ್ಲಿ ಟ್ರಿಗರ್ ಸರಿಯಾಗಿ ಸಿಗದಿದ್ದರೆ ಬೆರಳಿನ ತುದಿ ಕತ್ತರಿಸುತ್ತೇನೆ. ಮೇಲಿಂದ ತಟ್ಟೆ ತಪ್ಪಿದರೆ 35ರ ಗೆರೆ 25ಕ್ಕೆ ಇಳಿಯುತ್ತದೆ.